ಎಲೆಕೋಸು ಜಾಸ್ತಿ, ಮೊಟ್ಟೆ ಎರಡು

ದಾವಣಗೆರೆಯಲ್ಲಿ ಇದ್ದುಕೊಂಡು ತೂಕ ಇಳಿಸುತ್ತೇನೆ ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ಬೆಳಗ್ಗೆ ವಾಕಿಂಗ್ ಮುಗಿಸಿ ಬರುವ ದಾರಿಯಲ್ಲೇ ಬೆಣ್ಣೆ ದೋಸೆಯ ಕಾವಲಿ ಕಾದಿರುತ್ತದೆ. ಸಂಜೆ ಮನೆಗೆ ಹೊರಟರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಕತ್ತಲಾದ ಮೇಲೆ ಎಗ್ ರೈಸ್ ಗಾಡಿ. ಕುಂದವಾಡ ಕೆರೆ ಏರಿಯ ಮೇಲೆ ಬೆವರು ಸುರಿಸಿ ನಡೆದವರಲ್ಲಿ ಎಷ್ಟು ಜನ ಅರ್ಧ ಗಂಟೆ ಬಿಟ್ಟು ದೋಸೆ ಹೋಟೆಲಿನ ಬೆಂಚಿನ ಮೇಲೆ ಸಿಗುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತಿರುವ ಗುಟ್ಟು.

ನನ್ನದು ಎಪಿಎಂಸಿ ಯಾರ್ಡಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮೆಕ್ಕೆಜೋಳದ ಸೀಸನ್ನಿನಲ್ಲಿ ಬೆಳಗ್ಗೆ ಕೂತರೆ ಏಳುವುದು ಊಟಕ್ಕೇ. ಚೀಲ ಹೊರುವ ಹಮಾಲರು ಎಷ್ಟು ತಿಂದರೂ ಗಟ್ಟಿಮುಟ್ಟು. ಅದೇ ಚೀಲದ ಲೆಕ್ಕ ಬರೆಯುವ ನನಗೆ ಹೊಟ್ಟೆ ಮುಂದೆ, ನಾನು ಹಿಂದೆ. ಡಾಕ್ಟರು ನೋಡಿ, "ರಾತ್ರಿ ಊಟ ಕಡಿಮೆ ಮಾಡ್ರಿ, ಎರಡು ಚಪಾತಿ ಸಾಕು" ಅಂದರು. ಅವರು ಹೇಳಿದ್ದು ಸರಿಯೇ. ಆದರೆ ಎರಡು ಚಪಾತಿ ತಿಂದು ಮಲಗಿದ ಮನುಷ್ಯ ಹನ್ನೊಂದು ಗಂಟೆಗೆ ಎದ್ದು ಚಕ್ಕುಲಿ ಡಬ್ಬಿ ಹುಡುಕುತ್ತಾನೆ. ಆಗ ತಿಂದ ಚಕ್ಕುಲಿಗೆ ಲೆಕ್ಕ ಬರೆಯುವವರು ಯಾರೂ ಇರುವುದಿಲ್ಲ.

ಹಸಿದುಕೊಂಡು ಇರುವುದು ನನ್ನಿಂದ ಆಗದ ಕೆಲಸ. ಹೀಗಾಗಿ ನನಗೆ ಬೇಕಾಗಿದ್ದು ತಟ್ಟೆ ತುಂಬ ಇರುವ, ಹೊಟ್ಟೆ ತುಂಬಿಸುವ, ಖಾರವಾಗಿರುವ, ಕಾಸು ಜಾಸ್ತಿ ಕೇಳದ ಒಂದು ರಾತ್ರಿ ಊಟ. ಫೋನಿನಲ್ಲಿ ಹುಡುಕಿದರೆ ಓಟ್ಸ್ ಅನ್ನುತ್ತಾರೆ, ಬ್ರೊಕೊಲಿ ಅನ್ನುತ್ತಾರೆ, ಆಲಿವ್ ಎಣ್ಣೆ ಅನ್ನುತ್ತಾರೆ. ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ತಿನ್ನಿ ಅನ್ನುತ್ತಾರೆ. ಜಗಳೂರು ಕಡೆಯ ಖಾರ ತಿಂದು ಬೆಳೆದ ನಾಲಿಗೆಗೆ ಅದು ಶಿಕ್ಷೆ. ಮೂರು ದಿನ ಮಾಡಬಹುದು, ನಾಲ್ಕನೇ ದಿನ ಮತ್ತೆ ಗಾಡಿ ಮುಂದೆ.

ಗಾಡಿ ಮುಂದೆ ನಿಂತಾಗಲೇ ನನಗೆ ಇದು ಹೊಳೆದದ್ದು. ಎಗ್ ರೈಸ್ ಮಾಡುವುದನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಎಣ್ಣೆ ಬಾಟಲಿಯ ಮುಚ್ಚಳಕ್ಕೆ ತೂತು ಹಾಕಿರುತ್ತಾರೆ. ಬಾಣಲೆಯ ಮೇಲೆ ಅದನ್ನು ಹಿಂಡಿ ಒಂದು ಸುತ್ತು ತಿರುಗಿಸುತ್ತಾರೆ, ಗಿರಾಕಿ ಪರಿಚಯದವನಾದರೆ ಇನ್ನೊಂದು ಸುತ್ತು. ಎರಡು ಮೊಟ್ಟೆ ಒಡೆದು ಕೆದಕಿ, ಒಂದು ಚಿಮಟಿ ಎಲೆಕೋಸು ಹಾಕಿ, ಮೇಲೆ ದೊಡ್ಡ ಬಟ್ಟಲಿನಿಂದ ಅನ್ನ ಕವುಚುತ್ತಾರೆ. ಆ ಪ್ಲೇಟಿನಲ್ಲಿ ಮೊಟ್ಟೆಯದು ತಪ್ಪೇ ಇಲ್ಲ. ಮಸಾಲೆಯದೂ ಇಲ್ಲ. ಭಾರ ಎಲ್ಲ ಅನ್ನದ್ದು ಮತ್ತು ಎಣ್ಣೆಯದು. ಎಲೆಕೋಸು ಸುಮ್ನೆ ಅಲಂಕಾರಕ್ಕೆ. ಹಾಗಾದರೆ ಅನ್ನದ ಜಾಗದಲ್ಲಿ ಎಲೆಕೋಸನ್ನು ಕೂರಿಸಿದರೆ?

ಲೆಕ್ಕ ನೋಡಿ. 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ. 100 ಗ್ರಾಂ ಎಲೆಕೋಸಿನಲ್ಲಿ 25. ಎಲೆಕೋಸಿನ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಜಾಸ್ತಿ ನೀರೇ. ಹೊಟ್ಟೆಗೆ ಕ್ಯಾಲೊರಿ ಓದಲು ಬರುವುದಿಲ್ಲ. ಎಷ್ಟು ಜಾಗ ತುಂಬಿತು, ಎಷ್ಟು ಹೊತ್ತು ಅಗಿದೆವು, ಒಳಗೆ ಹೋದದ್ದು ಎಷ್ಟು ಹೊತ್ತು ನಿಂತಿತು ಅನ್ನುವುದು ಮಾತ್ರ ಅದಕ್ಕೆ ತಿಳಿಯುತ್ತದೆ. ಜಾಗ ತುಂಬಿಸಲು ತರಕಾರಿ. ನಿಲ್ಲಿಸಲು ಮೊಟ್ಟೆ. ಬರೀ ತರಕಾರಿ ತಿಂದರೆ ಎರಡು ಗಂಟೆಯಲ್ಲಿ ಮತ್ತೆ ಹಸಿವು. ಎರಡು ಮೊಟ್ಟೆ ಸೇರಿತು ಅಂದರೆ ಬೆಳಗಿನವರೆಗೆ ಚಕ್ಕುಲಿ ಡಬ್ಬಿಯ ನೆನಪು ಬರುವುದಿಲ್ಲ. ಒಂದು ಮೊಟ್ಟೆಯಲ್ಲಿ 70–75 ಕ್ಯಾಲೊರಿ, ಆರು ಗ್ರಾಂ ಪ್ರೊಟೀನ್. ಈ ಬೆಲೆಗೆ ಇಷ್ಟು ಒಳ್ಳೆಯ ಪ್ರೊಟೀನ್ ಬೇರೆ ಯಾವುದರಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರದ ಸಲಹೆಗಳಲ್ಲಿ ದಿನಕ್ಕೆ 400 ಗ್ರಾಂ ತರಕಾರಿ ತಿನ್ನಿ ಅಂತ ಇದೆ. ನಮ್ಮ ಮನೆಗಳಲ್ಲಿ ಪಲ್ಯ ಅಂದರೆ ತಟ್ಟೆಯ ಮೂಲೆಯಲ್ಲಿ ಒಂದು ಚಮಚ. ಸಾರಿನಲ್ಲಿ ತೇಲುವ ನಾಲ್ಕು ಹುರುಳಿಕಾಯಿ ತುಂಡು. ಹಾಗೆ ತಿಂದರೆ 400 ಗ್ರಾಂ ಮುಟ್ಟುವುದು ಯಾವಾಗ? ಒಂದೇ ಬಾಣಲೆಯಲ್ಲಿ ಮುಟ್ಟಿಸಬಹುದು ಅನ್ನುವುದೇ ನನ್ನ ಅಡುಗೆಯ ಹೆಚ್ಚುಗಾರಿಕೆ.

ಬಾಣಲೆಯ ವಿಷಯ ಬಂತಲ್ಲ, ಅದನ್ನು ಹೇಳಲೇಬೇಕು. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಮೊಟ್ಟೆ ಮುಟ್ಟುವುದಿಲ್ಲ. ಅವಳ ತವರಿನಲ್ಲಿ ಮೊಟ್ಟೆ ಹೊಸ್ತಿಲು ದಾಟಿದ್ದೇ ಇಲ್ಲ. ದಾವಣಗೆರೆಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತಿರುತ್ತದೆ, ಅಡ್ವಾನ್ಸಿನ ಮಾತಿಗಿಂತ ಮೊದಲು ಬರುವ ಪ್ರಶ್ನೆ "ಮೊಟ್ಟೆ ಗಿಟ್ಟೆ ಮಾಡ್ತೀರೇನ್ರಿ?" ಅನ್ನುವುದು. ನಮ್ಮದು ಸ್ವಂತ ಮನೆ. ಆದರೂ ಆ ಪ್ರಶ್ನೆ ಮನೆಯ ಒಳಗೇ ಇದೆ. ಒಪ್ಪಂದ ಏನೆಂದರೆ, ಹಿತ್ತಲ ಬಾಗಿಲ ಹೊರಗೆ ಕಟ್ಟೆಯ ಮೇಲೆ ಒಂದು ಒಂಟಿ ಒಲೆ. ಅದರ ಪಕ್ಕ ಗೋಡೆಯ ಮೊಳೆಗೆ ನೇತು ಹಾಕಿದ ಕಬ್ಬಿಣದ ಬಾಣಲೆ, ಒಂದು ಸಟ್ಟುಗ, ಒಂದು ಸ್ಟೀಲ್ ತಟ್ಟೆ, ಒಂದು ಬಟ್ಟಲು. ಇವು ಒಳಗೆ ಬರುವ ಹಾಗಿಲ್ಲ. ಒಳಗಿನ ಸಟ್ಟುಗ ಹೊರಗೆ ಹೋಗುವ ಹಾಗಿಲ್ಲ. ತೊಳೆಯುವುದು ನಾನೇ.

ತೊಳೆಯುವವರಿಗೆ ಒಂದು ಮಾತು. ಮೊಟ್ಟೆ ಅಂಟಿದ ಪಾತ್ರೆಗೆ ಮೊದಲು ಬಿಸಿನೀರು ಹಾಕಬೇಡಿ. ಹಸಿ ಮೊಟ್ಟೆ ಅಲ್ಲೇ ಬೆಂದು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ವಾಸನೆಯೂ ಹೋಗುವುದಿಲ್ಲ. ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ, ಆಮೇಲೆ ಹುಣಸೆಹಣ್ಣಿನ ಚರಟವೋ ಪಾತ್ರೆ ಪುಡಿಯೋ. ಕಬ್ಬಿಣದ ಬಾಣಲೆಯನ್ನು ತಕ್ಷಣ ಒರೆಸಿ ಒಂದು ಹನಿ ಎಣ್ಣೆ ಸವರಿ ನೇತು ಹಾಕಿದರೆ ತುಕ್ಕು ಹಿಡಿಯುವುದಿಲ್ಲ.

ಇನ್ನು ಎಣ್ಣೆ. ಎಲ್ಲ ಕಿತಾಪತಿ ಇರುವುದು ಇಲ್ಲೇ. ಆಲಿವ್ ಎಣ್ಣೆ ತೂಕ ಇಳಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯಾವ ಎಣ್ಣೆಯಾದರೂ ಒಂದು ಗ್ರಾಮಿಗೆ ಒಂಬತ್ತು ಕ್ಯಾಲೊರಿ. ಇಟಲಿಯದಾದರೂ ಅಷ್ಟೇ, ನಮ್ಮ ಚಳ್ಳಕೆರೆಯ ಶೇಂಗಾ ಎಣ್ಣೆಯಾದರೂ ಅಷ್ಟೇ. 1997ರಲ್ಲಿ ಜಿಲ್ಲೆ ಬೇರೆಯಾಗುವವರೆಗೆ ನಾವೂ ಚಳ್ಳಕೆರೆಯವರೂ ಒಂದೇ ಚಿತ್ರದುರ್ಗ ಜಿಲ್ಲೆಯವರು. ಜಿಲ್ಲೆ ಬೇರೆಯಾದರೂ ಒಗ್ಗರಣೆಯ ಎಣ್ಣೆ ಬೇರೆಯಾಗಿಲ್ಲ. ಶೇಂಗಾ ಎಣ್ಣೆಗೆ ಒಂದು ಘಮ ಇದೆ. ಸ್ವಲ್ಪ ಹಾಕಿದರೂ ಹಾಕಿದ್ದು ಗೊತ್ತಾಗುತ್ತದೆ. ಕಡಿಮೆ ಎಣ್ಣೆಯಲ್ಲಿ ಅಡುಗೆ ಮಾಡುವವರಿಗೆ ಬೇಕಾದದ್ದು ಅಂಥ ಎಣ್ಣೆ. ವಾಸನೆ ಇಲ್ಲದ ರಿಫೈನ್ಡ್ ಎಣ್ಣೆಯನ್ನು ಎಷ್ಟು ಸುರಿದರೂ ಬಾಯಿಗೆ ಏನೂ ಗೊತ್ತಾಗುವುದಿಲ್ಲ, ಸೊಂಟಕ್ಕೆ ಮಾತ್ರ ಗೊತ್ತಾಗುತ್ತದೆ.

ಎಣ್ಣೆಯನ್ನು ಬಾಟಲಿಯಿಂದ ನೇರ ಸುರಿಯುವ ಕೈ ನಿಲ್ಲಿಸಬೇಕು. ಟೀ ಚಮಚದಲ್ಲಿ ಒಂದು ಚಮಚ ಅಂದರೆ ಸುಮಾರು 40 ಕ್ಯಾಲೊರಿ. ಊಟದ ದೊಡ್ಡ ಚಮಚದಲ್ಲಿ ಒಂದು ಅಂದರೆ 120. ಅಂದಾಜಿನ ಕೈ ಯಾವಾಗಲೂ ದೊಡ್ಡ ಚಮಚದ ಕಡೆಗೇ ವಾಲುತ್ತದೆ. ಒಂದು ದೊಡ್ಡ ಚಮಚ ಎಣ್ಣೆ, ಒಂದೂವರೆ ಮೊಟ್ಟೆಗಿಂತ ಜಾಸ್ತಿ ಆಯಿತು. ಹಾಗಿದ್ದೂ ಜನ ಮೊಟ್ಟೆ ಬಿಟ್ಟು ಎಣ್ಣೆ ಉಳಿಸಿಕೊಳ್ಳುತ್ತಾರೆ.

ಎಣ್ಣೆ ಕಡಿಮೆ ಮಾಡಿದ ಮೇಲೆ ರುಚಿಯನ್ನು ಎಲ್ಲಿಂದ ತರುವುದು? ಖಾರದಿಂದ, ಹುಳಿಯಿಂದ, ಬೆಳ್ಳುಳ್ಳಿಯಿಂದ. ಈ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಮಾತ್ರ ಹದವಾಗಿರುತ್ತದೆ. ಹಾಗಾಗಿ ಕೈಬಿಟ್ಟು ಹಾಕಬಹುದು. ಖಾರಕ್ಕೆ ಬೇಕಾದರೆ ಎರಡು ಹಸಿಮೆಣಸಿನಕಾಯಿ ಜಜ್ಜಿ ಸೇರಿಸುತ್ತೇನೆ. ಮೆಣಸಿನಕಾಯಿಯ ಖಾರವೂ ಬಣ್ಣವೂ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತವೆ. ಅರಿಶಿನವೂ ಹಾಗೇ. ಆದ್ದರಿಂದ ಇರುವ ಒಂದು ಚಮಚ ಎಣ್ಣೆಯಲ್ಲೇ ಪುಡಿಗಳನ್ನು ಮೊದಲು ತೋರಿಸಬೇಕು. ತರಕಾರಿ ಬೆಂದ ಮೇಲೆ ಉದುರಿಸಿದರೆ ಖಾರದ ಪುಡಿ ಬರೀ ಧೂಳು. ಅದೇ ಪುಡಿ ಎಣ್ಣೆಯಲ್ಲಿ ಹತ್ತು ಸೆಕೆಂಡು ಕೂತರೆ ಇಡೀ ಬಾಣಲೆಗೆ ಸಾಕಾಗುತ್ತದೆ.

ಈಗ ಮಾಡುವ ಬಗೆ. ಒಬ್ಬರಿಗೆ ಹೇಳುತ್ತಿದ್ದೇನೆ. ಕಾಲು ಕೆಜಿ ಎಲೆಕೋಸು. ಒಂದು ಈರುಳ್ಳಿ, ಒಂದು ಟೊಮೆಟೊ, ಒಂದು ಕ್ಯಾರೆಟ್, ಒಂದು ಹಿಡಿ ಹುರುಳಿಕಾಯಿ. ಮೆಂತ್ಯ ಸೊಪ್ಪು ಇದ್ದರೆ ಒಂದು ಹಿಡಿ. ಬೆಳ್ಳುಳ್ಳಿ ಐದಾರು ಎಸಳು, ಜೀರಿಗೆ, ಕರಿಬೇವು, ಅರಿಶಿನ, ಬ್ಯಾಡಗಿ ಖಾರದ ಪುಡಿ ಒಂದು ಚಮಚ, ಧನಿಯಾ ಪುಡಿ ಅರ್ಧ ಚಮಚ. ಮೊಟ್ಟೆ ಎರಡು. ಹಸಿವು ಜಾಸ್ತಿ ಇದ್ದ ದಿನ ಮೂರು.

ಎಲೆಕೋಸು ಹೆಚ್ಚುವುದರಲ್ಲಿ ಅರ್ಧ ಅಡುಗೆ ಮುಗಿದಿರುತ್ತದೆ. ಗಡ್ಡೆಯನ್ನು ನಾಲ್ಕು ಭಾಗ ಮಾಡಿ, ಒಳಗಿನ ಗಟ್ಟಿ ದಿಂಡು ತೆಗೆದು, ಎಳೆ ಎಳೆಯಾಗಿ ಬರಬೇಕು. ಚೌಕ ತುಂಡು ಮಾಡಿದರೆ ಅದು ಪಲ್ಯ ಆಗುತ್ತದೆ, ಮೊಟ್ಟೆ ಒಂದು ಕಡೆ ಎಲೆಕೋಸು ಒಂದು ಕಡೆ ನಿಲ್ಲುತ್ತವೆ. ಎಳೆಯಾಗಿದ್ದರೆ ಮೊಟ್ಟೆ ಅದನ್ನು ಸುತ್ತಿಕೊಳ್ಳುತ್ತದೆ. ನಾನು ಈಳಿಗೆಯಲ್ಲೇ ಹೆಚ್ಚುವುದು. ಈಳಿಗೆ ಒಳಗಿನದು. ತರಕಾರಿ ಮಾತ್ರ ಮುಟ್ಟುವುದರಿಂದ ಅದಕ್ಕೆ ಪರವಾನಗಿ ಸಿಕ್ಕಿದೆ. ದಿಂಡನ್ನು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಮೊದಲು ಹಾಕಿದರೆ ಕರುಂ ಕುರುಂ ಅನ್ನುತ್ತದೆ.

ಬಾಣಲೆ ಚೆನ್ನಾಗಿ ಕಾಯಬೇಕು. ಆಮೇಲೆ ಒಂದು ಟೀ ಚಮಚ ಎಣ್ಣೆ. ಜೀರಿಗೆ ಸಿಡಿದ ಕೂಡಲೇ ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಬೆಳ್ಳುಳ್ಳಿಯ ಅಂಚು ಕಂದು ಬಣ್ಣಕ್ಕೆ ತಿರುಗುವಾಗ ಉರಿ ಸಣ್ಣ ಮಾಡಿ ಅರಿಶಿನ, ಖಾರದ ಪುಡಿ, ಧನಿಯಾ ಹಾಕಬೇಕು. ಇಲ್ಲಿ ಕಣ್ಣು ಬೇರೆ ಕಡೆ ಹೋಗಬಾರದು. ಎಣ್ಣೆ ಕಡಿಮೆ ಇರುವುದರಿಂದ ಪುಡಿ ಬೇಗ ಸೀಯುತ್ತದೆ. ಎಣ್ಣೆ ಕೆಂಪಗಾದ ತಕ್ಷಣ ಈರುಳ್ಳಿ ಸುರಿದರೆ ಅದರ ನೀರಿಗೆ ಪುಡಿ ಬಚಾವಾಗುತ್ತದೆ. ಹುರುಳಿಕಾಯಿ, ಕ್ಯಾರೆಟ್ ಬೇಯುವುದು ನಿಧಾನ, ಅವು ಮುಂದೆ. ಎಲೆಕೋಸು ಹಿಂದೆ. ಉಪ್ಪು ಈಗಲೇ ಹಾಕಿ ಮುಚ್ಚಳ ಮುಚ್ಚಬೇಕು.

ಉಪ್ಪು ಬಿದ್ದ ಎಲೆಕೋಸು ತಾನೇ ನೀರು ಬಿಡುತ್ತದೆ. ನೀರು ಒಂದು ಹನಿಯೂ ಬೇಡ. ನಾಲ್ಕು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಬೆಟ್ಟದಷ್ಟಿದ್ದದ್ದು ಅರ್ಧಕ್ಕೆ ಇಳಿದಿರುತ್ತದೆ, ತಳದಲ್ಲಿ ಕೆಂಪು ನೀರು ಕುದಿಯುತ್ತಿರುತ್ತದೆ. ಈಗ ಟೊಮೆಟೊ, ಮೆಂತ್ಯ ಸೊಪ್ಪು ಹಾಕಿ ಮುಚ್ಚಳ ಇಲ್ಲದೆ ಉರಿ ಜೋರು ಮಾಡಬೇಕು. ಆ ನೀರು ಪೂರ್ತಿ ಆರುವವರೆಗೆ ಮೊಟ್ಟೆಯ ಕಡೆ ಕೈ ಚಾಚಬಾರದು. ನೀರಿನಲ್ಲಿ ಮೊಟ್ಟೆ ಒಡೆದರೆ ಬರುವುದು ಬಿಳಿ ಬಿಳಿ ತುಣುಕು ತೇಲುವ ಸಾರು. ಎಷ್ಟೋ ಜನ ಮೊಟ್ಟೆ ತರಕಾರಿ ಸೇರುವುದಿಲ್ಲ ಅಂತ ಬಿಟ್ಟುಬಿಡುವುದು ಇದೊಂದೇ ಕಾರಣಕ್ಕೆ. ಕಿವಿಗೆ ಗೊತ್ತಾಗುತ್ತದೆ. ನೀರಿದ್ದಾಗ ಗುಳುಗುಳು ಸದ್ದು, ಆರಿದ ಮೇಲೆ ಚುರ್ ಚುರ್.

ಚುರ್ ಅಂದಾಗ ತರಕಾರಿಯನ್ನು ಬಾಣಲೆಯ ಸುತ್ತ ಸರಿಸಿ ನಡುವೆ ಜಾಗ ಮಾಡಿ. ಬಟ್ಟಲಿನಲ್ಲಿ ಚಿಟಿಕೆ ಉಪ್ಪು ಹಾಕಿ ಕಲಕಿಟ್ಟ ಮೊಟ್ಟೆಯನ್ನು ಆ ಗುಂಡಿಗೆ ಸುರಿಯಿರಿ. ಸುರಿದು ಸುಮ್ನೆ ಇರಿ. ಕೈ ತುರಿಸುತ್ತದೆ, ಆದರೂ ಕೆದಕಬೇಡಿ. ಅಂಚು ಬೆಳ್ಳಗಾಗಿ ಒಳಗೆ ಸರಿಯಲು ಶುರುವಾದಾಗ ಸಟ್ಟುಗದಿಂದ ದೊಡ್ಡ ದೊಡ್ಡ ಮಡಿಕೆಯಾಗಿ ತರಕಾರಿಯ ಮೇಲೆ ಮಗುಚಬೇಕು. ಎರಡು ಮೂರು ಸಲ ಮಗುಚಿದರೆ ಸಾಕು. ಹಸಿ ಲೋಳೆ ಕಾಣದಂತಾಗಿ, ಇನ್ನೂ ಹೊಳಪು ಇರುವಾಗಲೇ ಒಲೆ ಆರಿಸಿಬಿಡಿ. ಕಬ್ಬಿಣದ ಬಿಸಿಯಲ್ಲಿ ಉಳಿದದ್ದು ಬೇಯುತ್ತದೆ. ಮೊಟ್ಟೆಯ ಬಿಳಿ ಭಾಗ ಗಟ್ಟಿಯಾಗಲು ಶುರುವಾಗುವುದು ಸುಮಾರು 60 ಡಿಗ್ರಿಗೆ, ಹಳದಿ 65ರ ಮೇಲೆ. ನೀರು ಕುದಿಯುವಷ್ಟು ಬಿಸಿಯೇ ಅದಕ್ಕೆ ಬೇಕಾಗಿಲ್ಲ. ಜಾಸ್ತಿ ಬೇಯಿಸಿದರೆ ಬಟ್ಟೆ ಹಿಂಡಿದ ಹಾಗೆ ಅದು ತನ್ನೊಳಗಿನ ನೀರನ್ನೆಲ್ಲ ಹೊರಗೆ ಹಾಕಿ ರಬ್ಬರಾಗುತ್ತದೆ. ಗಾಡಿಯವರು ಎಣ್ಣೆ ಸುರಿಯುವುದು ಈ ರಬ್ಬರನ್ನು ಮೆತ್ತಗೆ ಮಾಡಲಿಕ್ಕೂ ಇರಬಹುದು ಅಂತ ನನ್ನ ಗುಮಾನಿ.

ಕೊನೆಗೆ ಅರ್ಧ ನಿಂಬೆಹಣ್ಣು, ಕೊತ್ತಂಬರಿ, ಮೇಲೆ ಒಂದು ಚಮಚ ಗುರೆಳ್ಳು ಚಟ್ನಿ ಪುಡಿ. ಗುರೆಳ್ಳಿನಲ್ಲೂ ಎಣ್ಣೆ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಆ ಒಂದು ಚಮಚಕ್ಕೆ ಇಡೀ ತಟ್ಟೆ ನಮ್ಮೂರಿನದಾಗುತ್ತದೆ. ಅದಿಲ್ಲದೆ ಮಾಡಿದರೆ ಯಾವ ಊರಿನಲ್ಲಾದರೂ ಸಿಗುವ ಎಗ್ ಬುರ್ಜಿ.

ಒಟ್ಟು ಎಷ್ಟಾಯಿತು? ಎರಡು ಮೊಟ್ಟೆಗೆ 145, ಎಲೆಕೋಸಿಗೆ 60ರ ಆಸುಪಾಸು, ಈರುಳ್ಳಿ, ಕ್ಯಾರೆಟ್, ಟೊಮೆಟೊ, ಹುರುಳಿಕಾಯಿ ಸೇರಿ ಒಂದು 90, ಎಣ್ಣೆ 40, ಗುರೆಳ್ಳು ಪುಡಿ 25. ಎಲ್ಲ ಸೇರಿ 360. ತಟ್ಟೆಯಲ್ಲಿ ಮಾತ್ರ ಗುಡ್ಡೆ. ಪಕ್ಕಕ್ಕೆ 40 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ ಇಟ್ಟುಕೊಂಡರೆ ಇನ್ನೊಂದು 140. 500 ಕ್ಯಾಲೊರಿಗೆ ಇದಕ್ಕಿಂತ ದೊಡ್ಡ ಊಟವನ್ನು ನಾನು ಕಂಡಿಲ್ಲ. ರೊಟ್ಟಿಯನ್ನು ಬೇಯಿಸಲು ಎಣ್ಣೆಯೇ ಬೇಡ ಅನ್ನುವುದು ಅದರ ದೊಡ್ಡ ಗುಣ. ಚಿತ್ರದುರ್ಗದ ಕಡೆಯವರು ಮುದ್ದೆಯ ಜೊತೆ ತಿನ್ನುತ್ತೇವೆ ಅನ್ನಬಹುದು. ತಿನ್ನಿ, ಆದರೆ ಇದು ಒಣ ಪದಾರ್ಥ, ಮುದ್ದೆ ಜಾರಲು ಸಾರು ಬೇಕು. ಆಮೇಲೆ ಮುದ್ದೆಯ ಗಾತ್ರ ನೋಡಿಕೊಳ್ಳುವುದು ನಿಮಗೆ ಬಿಟ್ಟದ್ದು.

ಕಾಸಿನ ಲೆಕ್ಕವೂ ಸುಲಭ. ಮೊಟ್ಟೆ ಒಂದಕ್ಕೆ ಆರೇಳು ರೂಪಾಯಿ ಅಂತ ಹಿಡಿದುಕೊಂಡರೆ, ತರಕಾರಿ, ಎಣ್ಣೆ, ಗ್ಯಾಸು ಸೇರಿ ಒಂದು ತಟ್ಟೆಗೆ ಮೂವತ್ತೈದು ನಲವತ್ತು ರೂಪಾಯಿ ಒಳಗೆ ಮುಗಿಯುತ್ತದೆ. ಈರುಳ್ಳಿ ರೇಟು ಮಾತ್ರ ನಂಬುವ ಹಾಗಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಅಷ್ಟೊಂದು ಬೆಳೆಯುತ್ತಾರೆ. ಆದರೂ ಒಂದು ವರ್ಷ ರೈತ ಅಳುತ್ತಾನೆ, ಇನ್ನೊಂದು ವರ್ಷ ಕೊಳ್ಳುವವನು. ರೇಟು ಏರಿದಾಗ ಅರ್ಧ ಈರುಳ್ಳಿ ಹಾಕಿ, ಎಲೆಕೋಸು ಜಾಸ್ತಿ ಮಾಡಿ. ಯಾರಿಗೂ ಗೊತ್ತಾಗುವುದಿಲ್ಲ.

ಮೊಟ್ಟೆಯ ರೇಟಿನದೂ ಒಂದು ಕಥೆ ಇದೆ, ಅದು ನಮ್ಮ ಯಾರ್ಡಿಗೇ ಬಂದು ಮುಟ್ಟುತ್ತದೆ. ಎನ್‌ಇಸಿಸಿ ಅಂತ ಕೋಳಿ ಸಾಕುವವರದೇ ಒಂದು ಸಮಿತಿ ಇದೆ, 1982ರಲ್ಲಿ ಹುಟ್ಟಿದ್ದು. ಊರೂರಿಗೆ ದಿನದ ದರ ಹೇಳುವುದು ಅದು. ಚಳಿಗಾಲದಲ್ಲಿ ದರ ಏರುತ್ತದೆ, ಶ್ರಾವಣದಲ್ಲಿ ತಿನ್ನುವವರು ಕಡಿಮೆಯಾಗಿ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಹಿಡಿತ ಕೋಳಿಯ ತಿಂಡಿಯದು. ಮೊಟ್ಟೆ ಇಡುವ ಕೋಳಿಯೊಂದು ದಿನಕ್ಕೆ ಸುಮಾರು 110 ಗ್ರಾಂ ಫೀಡ್ ತಿನ್ನುತ್ತದೆ. ಅದರಲ್ಲಿ ಮುಖ್ಯವಾದದ್ದು ಮೆಕ್ಕೆಜೋಳ. ನಾನು ದಿನಾ ಲೆಕ್ಕ ಬರೆಯುವ ಚೀಲಗಳು ಕೊನೆಗೆ ಹೋಗಿ ಸೇರುವುದು ಬಹುಪಾಲು ಫೀಡ್ ಮಿಲ್ಲಿಗೆ. ಜೋಳದ ರೇಟು ಏರಿತು ಅಂತ ಯಾರ್ಡಿನಲ್ಲಿ ರೈತರು ಖುಷಿಪಟ್ಟ ಮೇಲೆ, ಹಿಂದೆಯೇ ನಮ್ಮ ಓಣಿಯ ಅಂಗಡಿಯಲ್ಲಿ ಮೊಟ್ಟೆ ಟ್ರೇ ತುಟ್ಟಿಯಾಗುವುದನ್ನು ನೋಡಿದ್ದೇನೆ. ಹಳದಿ ಭಾಗದ ಬಣ್ಣವೂ ಕೋಳಿ ತಿಂದದ್ದರಿಂದಲೇ ಬರುವುದು. ಹಳದಿ ಜೋಳ ತಿಂದ ಕೋಳಿಗೆ ಹಳದಿ ಗಾಢ. ಬಣ್ಣ ಗಾಢ ಇದ್ದರೆ ಸತ್ವ ಜಾಸ್ತಿ ಅಂತೇನಿಲ್ಲ, ಸುಮ್ನೆ ನೋಡಲು ಚೆಂದ.

ಹಳದಿ ಅಂದಾಗ ಮಗಳ ವಿಷಯ ಹೇಳಬೇಕು. ಅವಳು ಸರ್ಕಾರಿ ಹೈಸ್ಕೂಲು. ರಾಜ್ಯ ಸರ್ಕಾರ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಕೈಜೋಡಿಸಿದ ಮೇಲೆ, 2024ರಿಂದ ಶಾಲೆಯ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ಸಿಗುತ್ತಿದೆ. ಬೇಡ ಅಂದವರಿಗೆ ಬಾಳೆಹಣ್ಣು. ಅಮ್ಮನ ಮನೆಯ ಕಡೆ ಬಾಳೆಹಣ್ಣಿನ ಪಾರ್ಟಿ, ಅಪ್ಪನ ಕಡೆ ಮೊಟ್ಟೆ ಪಾರ್ಟಿ. ಇವಳು ಶಾಲೆಯಲ್ಲಿ ಯಾವುದಕ್ಕೆ ಕೈ ಎತ್ತಿದಳು ಅಂತ ನಾವು ಕೇಳಿಲ್ಲ, ಅವಳೇ ಬಂದು ಹೇಳಿದಳು. "ಅಪ್ಪಾ, ಬಿಳೇದು ತಿಂತೀನಿ, ಹಳದಿ ಸುತ್ತ ಹಸಿರು ಬಣ್ಣ ಇರ್ತತಿ, ಅದು ಬ್ಯಾಡ ಅನಿಸ್ತತಿ." ಕೆಟ್ಟ ಮೊಟ್ಟೆ ಅಂತ ತಿಳಿದುಕೊಂಡಿದ್ದಳು. ಅದು ಕೆಟ್ಟದ್ದಲ್ಲ. ಜಾಸ್ತಿ ಹೊತ್ತು ಬೇಯಿಸಿದಾಗ ಬಿಳಿಯಲ್ಲಿರುವ ಗಂಧಕ, ಹಳದಿಯಲ್ಲಿರುವ ಕಬ್ಬಿಣ ಎರಡೂ ಸೇರಿ ಆ ಹಸಿರು ಪಟ್ಟಿ ಬರುತ್ತದೆ. ನೂರಾರು ಮೊಟ್ಟೆ ಒಂದೇ ಹಂಡೆಯಲ್ಲಿ ಬೇಯಿಸುವ ಅಡುಗೆಯವರು ಗಡಿಯಾರ ನೋಡಿಕೊಂಡು ಕೂರಲು ಆಗುತ್ತದಾ? ತಿನ್ನಲು ಏನೂ ತೊಂದರೆ ಇಲ್ಲ ಅಂದೆ. ಆದರೂ ಅವಳಿಗೆ ನನ್ನ ಬಾಣಲೆಯ ಮೊಟ್ಟೆಯೇ ಇಷ್ಟ. ಹಳದಿ ಎಲ್ಲಿದೆ ಅಂತ ಅದರಲ್ಲಿ ಕಾಣುವುದೇ ಇಲ್ಲವಲ್ಲ.

ಜಿಮ್ಮಿಗೆ ಹೋಗುವ ನಮ್ಮ ಮಂಡಿಯ ಹುಡುಗನೂ ಹಳದಿ ಎಸೆಯುತ್ತಾನೆ. ಅವನದು ಬೇರೆ ಕಾರಣ, ಕೊಬ್ಬು ಅಂತ. ನಿಜ, ಮೊಟ್ಟೆಯ ಕೊಬ್ಬೆಲ್ಲ ಇರುವುದು ಹಳದಿಯಲ್ಲೇ. ಆದರೆ ಎ, ಡಿ, ಬಿ12 ವಿಟಮಿನ್ನುಗಳೂ ಬಹುಪಾಲು ಅಲ್ಲೇ ಇರುವುದು. ಪ್ರೊಟೀನಿನಲ್ಲೂ ಹತ್ತಿರ ಹತ್ತಿರ ಅರ್ಧ ಅಲ್ಲೇ. ಎರಡು ಮೊಟ್ಟೆ ತಿನ್ನುವ ನನ್ನಂಥವನು ಹಳದಿ ಎಸೆದು, ಮೇಲೆ ಒಂದು ಪ್ಲೇಟು ಮೆಣಸಿನಕಾಯಿ ಬಜ್ಜಿ ತಿಂದರೆ ಯಾವ ಪುಣ್ಯ ಬಂತು? ಶುಗರ್, ಹೃದಯದ ತೊಂದರೆ ಇರುವವರು ಎಷ್ಟು ತಿನ್ನಬೇಕು ಅಂತ ತಮ್ಮ ಡಾಕ್ಟರನ್ನು ಕೇಳಲಿ. ಉಳಿದವರು ಹಳದಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬೇಡ.

ಇದನ್ನು ಮಾಡಿಟ್ಟುಕೊಂಡು ಮರುದಿನ ಡಬ್ಬಿಗೆ ಹಾಕುವುದು ಮಾತ್ರ ಬೇಡ. ಎಲೆಕೋಸು ಮತ್ತೆ ನೀರು ಬಿಡುತ್ತದೆ, ಮೊಟ್ಟೆ ವಾಸನೆ ಹೊಡೆಯುತ್ತದೆ. ಮುಚ್ಚಳ ತೆಗೆದರೆ ಇಡೀ ಮಂಡಿ ತಿರುಗಿ ನೋಡುತ್ತದೆ. ತರಕಾರಿಯನ್ನು ಬೆಳಗ್ಗೆಯೇ ಹೆಚ್ಚಿ ಇಟ್ಟುಕೊಳ್ಳಬಹುದು. ಒಲೆ ಹಚ್ಚಿದ ಮೇಲೆ ಕಾಲು ಗಂಟೆಯ ಕೆಲಸ. ಬಿಸಿ ಬಿಸಿ ತಿನ್ನಬೇಕು. ಮೊಟ್ಟೆ ಹಳೆಯದು ಅಂತ ಅನುಮಾನ ಬಂದರೆ ನೀರಿನಲ್ಲಿ ಬಿಟ್ಟು ನೋಡಿ. ತಳದಲ್ಲಿ ಅಡ್ಡ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಸ್ವಲ್ಪ ಹಳೆಯದು, ತೇಲಿದರೆ ಬಿಟ್ಟುಬಿಡಿ. ಒಂದೊಂದನ್ನೇ ಬಟ್ಟಲಿಗೆ ಒಡೆದುಕೊಳ್ಳುವುದೂ ಅದಕ್ಕೇ. ಒಂದು ಕೆಟ್ಟ ಮೊಟ್ಟೆಗೆ ಇಡೀ ಬಾಣಲೆ ಚೆಲ್ಲುವುದು ಯಾರಿಗೆ ಬೇಕು.

ನನ್ನ ಹೆಂಡತಿ ಮೊದಮೊದಲು ನಾನು ಒಲೆ ಹಚ್ಚಿದ ಕೂಡಲೇ "ಬಾಗ್ಲು ಎಳಕಳ್ರಿ, ವಾಸನೆ ಒಳಗೆ ಬರ್ತತಿ" ಅನ್ನುತ್ತಿದ್ದಳು. ಆಮೇಲೆ ಒಂದು ದಿನ ಒಳಗಿನಿಂದಲೇ ಕೇಳಿದಳು, "ಏನ್ರೀ, ಬೆಳ್ಳುಳ್ಳಿಗೆ ಖಾರ ಎಣ್ಣೆಯಾಗೇ ಹಾಕ್ತೀರಾ? ಘಮ ಚಲೋ ಬರ್ತತಿ." ಆ ವಾರವೇ ಒಳಗಿನ ಒಲೆಯ ಮೇಲೆ ಅವಳದೊಂದು ಬಾಣಲೆ ಏರಿತು. ಅದೇ ಎಲೆಕೋಸು, ಅದೇ ಒಗ್ಗರಣೆ. ಮೊಟ್ಟೆಯ ಜಾಗದಲ್ಲಿ ಕಡಲೆಹಿಟ್ಟು. ಹಿಟ್ಟನ್ನು ತೆಳ್ಳಗೆ ಕಲಸಿ ಸುರಿದು, ಮುಚ್ಚಿ ಬೇಯಿಸಿ, ಕೊನೆಗೆ ಉದುರು ಉದುರಾಗುವ ಹಾಗೆ ಮಗುಚುತ್ತಾಳೆ. ಜುಣಕದ ಕೈ ಅವಳದು, ಹೇಳಿಕೊಡಬೇಕಾಗಿಲ್ಲ. 40 ಗ್ರಾಂ ಕಡಲೆಹಿಟ್ಟಿಗೆ ಸುಮಾರು 150 ಕ್ಯಾಲೊರಿ, ಅಂದರೆ ನನ್ನ ಎರಡು ಮೊಟ್ಟೆಯಷ್ಟೇ. ಪ್ರೊಟೀನ್ ಮಾತ್ರ ಒಂಬತ್ತು ಗ್ರಾಂ, ನನ್ನದು ಹನ್ನೆರಡು. ಇದನ್ನು ಹೇಳಿದರೆ, "ರುಚಿಗೆ ಎಷ್ಟು ಗ್ರಾಂ ಕೊಡ್ತೀರಿ, ಅದನ್ನ ಹೇಳ್ರಿ" ಅನ್ನುತ್ತಾಳೆ. ಕಡಲೆಹಿಟ್ಟು ತಳ ಹಿಡಿಯುವ ಜಾತಿ. ಹಾಗಾಗಿ ಅವಳ ಕೈ ಎಣ್ಣೆ ಬಾಟಲಿಯ ಕಡೆ ಹೋಗುತ್ತದೆ, ನಾನು ನೋಡುತ್ತಿದ್ದರೆ ನೀರು ಚಿಮುಕಿಸುತ್ತಾಳೆ.

ಎರಡು ಬಾಣಲೆ ಆದ ಮೇಲೆ ಎಲೆಕೋಸು ಸಾಲುತ್ತಿಲ್ಲ. ಭಾನುವಾರ ಮಾರ್ಕೆಟ್ಟಿಗೆ ಹೋದಾಗ ಈಗ ಎರಡು ಮೂರು ಗಡ್ಡೆ ಒಟ್ಟಿಗೆ ತರುತ್ತೇನೆ. ಗಾತ್ರ ನೋಡಬೇಡಿ, ಕೈಯಲ್ಲಿ ಹಿಡಿದು ತೂಕ ನೋಡಿ. ಒತ್ತಿದರೆ ಗಟ್ಟಿ ಇರಬೇಕು, ಬುಡ ಕಪ್ಪಾಗಿರಬಾರದು, ಮೇಲಿನ ಹಸಿರು ಎಲೆ ಇನ್ನೂ ಅಂಟಿಕೊಂಡಿರಬೇಕು. ಆ ಎಲೆಯನ್ನು ಮಾರುವವರು ಕಿತ್ತು ಎಸೆಯುವ ಮೊದಲೇ ಕೇಳಿ ಹಾಕಿಸಿಕೊಳ್ಳಿ. ಸಣ್ಣಗೆ ಹೆಚ್ಚಿದರೆ ಮೆಂತ್ಯ ಸೊಪ್ಪು ಸಿಗದ ದಿನ ಅದೇ ನಡೆಯುತ್ತದೆ.